ಮಿನಾರದ ಕೆಳಗೆ ಮುರಿದ ರೊಟ್ಟಿ

ಊರು ನೋಡಲು ಬಂದವರ ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ, ಕ್ಯಾಮೆರಾ ಇರುತ್ತದೆ, ಬಿಸಿಲಿಗೆ ಹೆದರುವವರಾದರೆ ಒಂದು ಕೊಡೆಯೂ ಇರುತ್ತದೆ. ಕಸೂತಿ ಬಟ್ಟೆಯಲ್ಲಿ ಸುತ್ತಿದ ಎರಡು ದುಂಡನೆಯ ರೊಟ್ಟಿಗಳನ್ನು ಎದೆಗೆ ಅವಚಿಕೊಂಡು ಬಂದವರು ಊರು ನೋಡಲು ಬಂದವರಲ್ಲ, ಹೆಣ್ಣು ನೋಡಲು ಬಂದವರು. ಬುಖಾರಾದಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು.

ಉದ್ಯಾನದ ಗೇಟಿನ ಬಳಿ ನಿಂತಿದ್ದ ಇಬ್ಬರು ಹೆಂಗಸರಿಗೆ ಮಾತ್ರ ತಮ್ಮ ಗುಟ್ಟು ಭದ್ರವಾಗಿದೆ ಎಂಬ ನಂಬಿಕೆಯಿತ್ತು. ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಚಿಕ್ಕವಳ ಕನ್ನಡಕದ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ನಾವು ನವೊಯಿ ಊರಿಂದ ಬಂದಿದೀವಿ," ಎಂದಳು ದೊಡ್ಡವಳು, ಯಾರೂ ಕೇಳದಿದ್ದರೂ.

"ಬನ್ನಿ ಖೋಲಾ, ಬನ್ನಿ," ಎಂದಳು ಊರು ತೋರಿಸುವ ಗೈಡ್ ಮವ್ಜೂದಾ. ದೊಡ್ಡ ಹೆಂಗಸರನ್ನು ಖೋಲಾ, ಅಂದರೆ ಚಿಕ್ಕಮ್ಮ ಎಂದು ಕರೆಯುವುದು ಅಲ್ಲಿನ ವಾಡಿಕೆ. ಅತ್ತೆ ಎನ್ನುವ ಕಾಲ ಇನ್ನೂ ಬಂದಿರಲಿಲ್ಲ.

ಅವಳು ಮದುವೆಯಾಗಬೇಕೆಂದಿದ್ದ ಬೆಹ್ಜೋದ್ ಹಿಂದಿನ ದಿನವೇ ಅವಳ ಫೋನಿಗೆ ಸಂದೇಶ ಕಳಿಸಿದ್ದ. "ಅಮ್ಮನೂ ಸನೋಬರ್ ಚಿಕ್ಕಮ್ಮನೂ ನಾಳೆ ನಿನ್ನ ಗುಂಪಲ್ಲಿ ಬರ್ತಾರೆ. ನಿನಗೆ ಗೊತ್ತು ಅಂತ ತೋರಿಸ್ಕೋಬೇಡ. ಮೆಲ್ಲಗೆ ಮಾತಾಡು. ಹಲ್ಲು ಬಿಟ್ಟು ನಗಬೇಡ. ಸಮರ್ಕಂದ್ ಜೋಕು ಬೇಡವೇ ಬೇಡ." ಬೆಹ್ಜೋದ್ ಸಮರ್ಕಂದಿನವನೇ, ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಬಿದ್ದುಹೋದ ಹೆಂಚುಗಳ ಜಾಗಕ್ಕೆ ಹೊಸ ಬಣ್ಣದ ಹೆಂಚು ಕೂರಿಸುವ ಕೆಲಸಗಾರ. ಮವ್ಜೂದಾ ಅಲ್ಲಿ ಕಾಲೇಜು ಓದುವಾಗ ಅವನು ಅಟ್ಟಣಿಗೆಯ ಮೇಲಿಂದ ಅವಳ ತಲೆಗೆ ಗಾರೆ ಬೀಳಿಸಿದ್ದ. ಪರಿಚಯ ಆಗಿದ್ದು ಹಾಗೆ. ಅದರಲ್ಲಿ ಕವಿತೆ ಕಟ್ಟುವಂಥದ್ದೇನೂ ಇರಲಿಲ್ಲ, ಕೂದಲು ತೊಳೆದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಅವನ ತಾಯಿ ಹಫೀಝಾಗೆ ಹುಡುಗಿಯ ಮನೆತನದ ಬಗ್ಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಕೆಲಸದ ಬಗ್ಗೆ. ದಿನವಿಡೀ ಬೀದಿಯಲ್ಲಿ ಪರಗಂಡಸರ ಮುಂದೆ ಕೈ ಬೀಸಿಕೊಂಡು ಮಾತಾಡುವವಳು ಸೊಸೆಯಾಗಿ ಬಂದರೆ ನೆರೆಹೊರೆಯವರು ಏನಂದಾರು? ಮವ್ಜೂದಾಗೆ ಬೆಹ್ಜೋದನೂ ಬೇಕಿತ್ತು, ಕೆಲಸವೂ ಬೇಕಿತ್ತು. ಇಪ್ಪತ್ತೇಳಾಗಿದ್ದ ಅವಳಿಗೆ ಎರಡನೆಯ ಅವಕಾಶ ಬರುತ್ತದೆಂಬ ಭ್ರಮೆ ಇರಲಿಲ್ಲ. ಆದ್ದರಿಂದ ಇವತ್ತೊಂದು ದಿನ ಬಾಯಿಗೆ ಬೀಗ ಹಾಕಿಕೊಳ್ಳುವುದೆಂದು ನಿರ್ಧರಿಸಿದ್ದಳು.

ಗುಂಪಿನಲ್ಲಿ ಉಳಿದವರು ಅಲ್ಮಾಟಿಯ ಒಂದು ಜೋಡಿ ಮಾತ್ರ. ಗಂಡ ಸೆರಿಕ್‌ಬಾಯ್, ಕದ ತುಂಬುವಂಥ ಆಳು, ಕಝಕ್. ಹೆಂಡತಿ ಝಾನಾರ್ ಎಲ್ಲದಕ್ಕೂ ಮೊದಲು ಫೋಟೊ ತೆಗೆದು ಆಮೇಲೆ ಕಣ್ಣಿಂದ ನೋಡುವವಳು.

ಮೊದಲು ಸಾಮಾನಿ ದೊರೆಗಳ ಗೋರಿ. ಬರೀ ಇಟ್ಟಿಗೆಯಿಂದ ಬುಟ್ಟಿ ಹೆಣೆದಂತೆ ಕಟ್ಟಿದ ಆ ಪುಟ್ಟ ಕಟ್ಟಡದ ಎದುರು ಮವ್ಜೂದಾ ಬೇರೆ ದಿನಗಳಲ್ಲಾದರೆ ಅರ್ಧ ಗಂಟೆ ಕುಣಿಯುತ್ತಿದ್ದಳು. ಇವತ್ತು ನೆಲ ನೋಡುತ್ತ, "ಇದು ಇಟ್ಟಿಗೆ. ತುಂಬ ಹಳೇದು. ಬೆಳಿಗ್ಗೆ ಒಂದು ಥರ ಕಾಣತ್ತೆ, ಸಂಜೆ ಒಂದು ಥರ ಕಾಣತ್ತೆ," ಎಂದು ನಿಲ್ಲಿಸಿದಳು.

"ಅಷ್ಟೇನಾ?" ಎಂದ ಸೆರಿಕ್‌ಬಾಯ್. "ತಂಗಿ, ಮೈಗೆ ಹುಷಾರಿಲ್ವಾ? ಈ ಹುಡುಗಿ ಜೊತೆ ಹೋದ್ರೆ ನಕ್ಕೂ ನಕ್ಕೂ ಹೊಟ್ಟೆ ನೋಯುತ್ತೆ ಅಂತ ಬರೆದಿದ್ರು ಇಂಟರ್ನೆಟ್ಟಲ್ಲಿ."

"ಅದು ಬೇರೆ ಮವ್ಜೂದಾ ಇರ್ಬೇಕು ಅಣ್ಣ."

ಒಳಗೆ ಹೋದರು. ಗುಮ್ಮಟದ ಕೆಳಗೆ ಪಿಸುಗುಟ್ಟಿದರೂ ಗೋಡೆ ಅದನ್ನೆತ್ತಿ ಎದುರಿನವರ ಕಿವಿಗೆ ಹಾಕುತ್ತದೆ. ಅದು ಆ ಇಬ್ಬರಿಗೆ ತಿಳಿದಿರಲಿಲ್ಲ.

"ಸಾಧು ಹುಡುಗಿ," ಎಂದಿತು ಹಫೀಝಾಳ ಪಿಸುಮಾತು. "ತಲೆ ಎತ್ತಲ್ಲ."

"ಸಾಧುವೋ, ಸತ್ತ ಮೀನೋ?" ಎಂದಿತು ಸನೋಬರಳದು. "ಅಕ್ಕಾ, ನಿನ್ನ ದೊಡ್ಡ ಸೊಸೆನೂ ಹಿಂಗೇ ಇದ್ಲಲ್ಲ ನೋಡೋಕೆ ಹೋದಾಗ. ಈಗ ಏನಾಗಿದೆ? ಬಾಯಿ ಬಿಡಲ್ಲ, ಪಾತ್ರೆ ಕುಕ್ತಾಳೆ. ಇನ್ನೊಬ್ಬಳು ಬಂದ್ರೆ ಮನೇಲಿ ಪಾತ್ರೆ ಉಳಿಯಲ್ಲ."

"ನೀನು ಸುಮ್ನಿರು. ಕನ್ನಡಕ ಸರಿಯಾಗಿ ಹಾಕ್ಕೋ."

ಮವ್ಜೂದಾ ಗೋಡೆಯ ಕಡೆ ತಿರುಗಿ ಕೆಮ್ಮಿದಳು. ನಗುವನ್ನು ಕೆಮ್ಮಾಗಿ ಬದಲಾಯಿಸುವುದು ಕಸುಬಿನಲ್ಲಿ ಕಲಿತ ವಿದ್ಯೆ.

ಆರ್ಕ್ ಕೋಟೆಯ ಇಳಿಜಾರು ಏರುವಾಗ ಅಮೀರರ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸಿದಳು. ಸಿಂಹಾಸನದ ಅಂಗಳ ತಲುಪುವ ಹೊತ್ತಿಗೆ ಝಾನಾರ್ ಕೂಡ ಫೋಟೊ ತೆಗೆಯುವುದನ್ನು ಬಿಟ್ಟಿದ್ದಳು. ಸೆರಿಕ್‌ಬಾಯ್ ಮೂಟೆಯಂತೆ ಕಂಬಕ್ಕೊರಗಿ ಊಟ ಎಷ್ಟೊತ್ತಿಗೆ ಎಂದು ಕೇಳಿದ. ಸನೋಬರ್ ರಾಜಾರೋಷವಾಗಿ ಆಕಳಿಸಿದಳು. ಹಫೀಝಾ ಒಬ್ಬಳೇ ಸಂತೋಷವಾಗಿದ್ದವಳು, ಆದರೆ ಅವಳ ಮೊಣಕಾಲು ನೋಯುತ್ತಿತ್ತು.

ಕಲೋನ್ ಮಿನಾರದ ಕೆಳಗೆ ಬಂದಾಗ ಬಿಸಿಲು ಏರಿತ್ತು. ಚೌಕದಲ್ಲಿ ನಿಂತು ಕತ್ತು ಮುರಿಯುವಷ್ಟು ಮೇಲೆ ನೋಡಿದ ಝಾನಾರ್, "ಚೆನ್ನಾಗೇನೋ ಇದೆ," ಎಂದು ಬೇಸರದಿಂದಲೇ ಹೇಳಿದಳು, "ಆದ್ರೆ ಎಲ್ಲಾ ಮಣ್ಣು ಬಣ್ಣ. ನಿನ್ನೆ ಸಮರ್ಕಂದಲ್ಲಿ ನೋಡಿದ್ವಲ್ಲ, ಏನು ನೀಲಿ, ಏನು ಚಿನ್ನ! ಇಲ್ಲಿನೋರಿಗೆ ಬಣ್ಣ ಸಿಗಲಿಲ್ವಾ?"

ಬುಖಾರಾದಲ್ಲಿ ಹುಟ್ಟಿದವರು ಏನನ್ನು ಬೇಕಾದರೂ ನುಂಗಿಕೊಂಡಾರು, ಇದನ್ನಲ್ಲ. ಮವ್ಜೂದಾ ಒಮ್ಮೆ ಉಗುಳು ನುಂಗಿದಳು, ಬೆಹ್ಜೋದನ ಸಂದೇಶ ನೆನೆಸಿಕೊಂಡಳು. ಬೀಗ ಕಳಚಿಯೇ ಬಿಟ್ಟಿತು.

"ಅಕ್ಕಾ, ಅಲ್ಲಿ ಮೇಲೆ ನೋಡಿ, ನೆತ್ತಿ ಕೆಳಗೆ. ಒಂದೇ ಒಂದು ಎಳೆ ನೀಲಿ ಕಾಣ್ತಿದ್ಯಾ? ಕೊರಳಿಗೆ ಒಂದೆಳೆ ಸರ ಹಾಕ್ಕೊಂಡ ಹಾಗೆ. ಸಮರ್ಕಂದ್ ನೀಲಿ ಕಟ್ಟೋದಕ್ಕೆ ನೂರಾರು ವರ್ಷ ಮೊದ್ಲು ನಮ್ಮೋರು ಹಾಕಿದ್ದು. ಹಾಕಿ, ಸಾಕು, ಚೆಂದ ಕಾಣತ್ತೆ ಅಂತ ಕೈ ತೊಳ್ಕೊಂಡ್ರು. ಆಮೇಲೆ ಸಮರ್ಕಂದಿನೋರು ಅದನ್ನ ನೋಡಿದ್ರು. ಅವರಿಗೆ ಸಾಕು ಅನ್ನೋ ಮಾತೇ ಗೊತ್ತಿಲ್ವಲ್ಲ! ಅಂಗಡಿ ಪೂರ್ತಿ ಖರೀದಿ ಮಾಡಿ ತಲೆಯಿಂದ ಕಾಲ್ತನಕ ಬಳ್ಕೊಂಡ್ರು. ಸಮರ್ಕಂದ್ ಅಂದ್ರೆ ಮದುವೆ ದಿನದ ಹೆಣ್ಣು. ಬುಖಾರಾ ಮಾರನೇ ದಿನ ಮುಖ ತೊಳ್ಕೊಂಡು ಬಂದೋಳು. ಬಾಳ್ವೆ ಮಾಡೋದು ಯಾರ ಜೊತೆ, ನೀವೇ ಹೇಳಿ ಅಣ್ಣ."

ಸೆರಿಕ್‌ಬಾಯ್ ಚೌಕ ನಡುಗುವಂತೆ ನಕ್ಕ. ಝಾನಾರಳ ಫೋನು ಮೇಲೆದ್ದಿತು. ಸನೋಬರ್ ಕೂಡ ಕಿಸಕ್ಕೆಂದು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾರು ಬಳ್ಕೊಂಡಿದ್ದು?" ಹಫೀಝಾ ಕನ್ನಡಕ ಕಿತ್ತು ತೆಗೆದಳು. "ಯಾರೇ ಬಳ್ಕೊಂಡಿದ್ದು? ನನ್ನ ಮಗ ಆ ಹೆಂಚು ಕೂರಿಸೋಕೆ ಬೆನ್ನು ಮುರ್ಕೊಳ್ತಾನೆ ಗೊತ್ತಾ ನಿಂಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸನೋಬರ್ ಹಣೆ ಚಚ್ಚಿಕೊಂಡಳು. "ನವೊಯಿ, ಅಕ್ಕಾ, ನವೊಯಿ!"

"ನವೊಯಿಗೆ ಬೆಂಕಿ ಬಿತ್ತು! ಬಣ್ಣ ಬಿಡು, ರೊಟ್ಟಿ ಸುಡೋಕೆ ಬರತ್ತಾ ನಿಮ್ಮೂರೋರಿಗೆ? ನಮ್ಮ ರೊಟ್ಟಿ ಹದಿನೈದು ದಿನ ಇಟ್ರೂ ಕೆಡಲ್ಲ."

"ಕೆಡಲ್ಲ ಖೋಲಾ, ನಿಜ. ಹದಿನೈದನೇ ದಿನ ಅದರಲ್ಲಿ ಮೊಳೆ ಹೊಡೀಬಹುದು."

"ಮೊಳೆ ಹೊಡೀತೀಯಾ? ನೋಡಿಲ್ಲಿ! ಇವತ್ತು ಬೆಳಗಿನ ಜಾವ ತಂದೂರಿಂದ ತೆಗೆದಿದ್ದು! ಮುಟ್ಟಿ ನೋಡು!" ಹಫೀಝಾ ಕಸೂತಿ ಬಟ್ಟೆ ಬಿಚ್ಚಿ ರೊಟ್ಟಿಯನ್ನು ಎತ್ತಿ ಹಿಡಿದಳು. ಎಳ್ಳು ಮೆತ್ತಿಕೊಂಡು ಥಳಥಳ ಹೊಳೆಯುತ್ತಿತ್ತು.

ಬೆಳಗಿನಿಂದ ಹಸಿದಿದ್ದ ಸೆರಿಕ್‌ಬಾಯ್‌ಗೆ ಅದು ತನಗೇ ಹೇಳಿದಂತೆ ಕೇಳಿಸಿರಬೇಕು. "ಕೊಡಿ ಇಲ್ಲಿ, ನ್ಯಾಯ ನಾನು ಹೇಳ್ತೀನಿ," ಎಂದವನೇ ರೊಟ್ಟಿ ತೆಗೆದುಕೊಂಡು ಎರಡು ಕೈಯಲ್ಲಿ ಹಿಡಿದು ಪಟಕ್ಕೆಂದು ಮುರಿದ. ಒಂದು ತುಂಡು ಹೆಂಡತಿಗೆ ಕೊಟ್ಟ, ಒಂದು ಮವ್ಜೂದಾಳ ಕೈಗೆ ತುರುಕಿದ, ದೊಡ್ಡದನ್ನು ತನ್ನ ಬಾಯಿಗಿಟ್ಟ.

ಝಾನಾರ್ ಬಿಟ್ಟು ಉಳಿದ ಮೂವರು ಹೆಂಗಸರೂ ಕಲ್ಲಾಗಿ ನಿಂತರು.

"ಚೆನ್ನಾಗಿದೆ," ಎಂದ ಅಗಿಯುತ್ತ. "ಯಾಕೆ, ಏನಾಯ್ತು? ಯಾಕೆ ಹಂಗೆ ನೋಡ್ತಿದೀರಾ?"

"ಅಣ್ಣ," ಎಂದಳು ಮವ್ಜೂದಾ, ಬಹಳ ನಿಧಾನವಾಗಿ. "ನಮ್ಮಲ್ಲಿ ಹೆಣ್ಣು ಕೇಳೋಕೆ ಬಂದೋರು ತಂದ ರೊಟ್ಟೀನ ಸುಮ್ನೆ ಮುರಿಯಲ್ಲ. ಎರಡು ಮನೆಯೋರೂ ಒಪ್ಕೊಂಡ ಮೇಲೆ ಹಿರಿಯರು ಮುರೀತಾರೆ. ಮುರಿದ್ರೆ ಮದುವೆ ನಿಶ್ಚಯ ಆಯ್ತು ಅಂತ."

ಸೆರಿಕ್‌ಬಾಯ್ ಅಗಿಯುವುದನ್ನು ನಿಲ್ಲಿಸಿದ. "ಯಾರ ಮದುವೆ?"

"ನಂದು."

"ಯಾರ ಜೊತೆ?" ಎಂದು ಝಾನಾರ್ ಗಂಡನನ್ನೇ ದುರುಗುಟ್ಟಿಕೊಂಡು ನೋಡಿದಳು.

"ನನ್ನ ಮಗನ ಜೊತೆ!" ಎಂದು ಹಫೀಝಾ ಕಿರುಚಿದಳು. ಚೌಕದಲ್ಲಿದ್ದ ಟೋಪಿ ಮಾರುವವಳು ತಿರುಗಿ ನೋಡಿ, "ಶುಭವಾಗಲಿ!" ಎಂದಳು.

"ಆಗಲಿಲ್ಲ! ಏನೂ ಆಗಲಿಲ್ಲ! ಇವನ್ಯಾವ ಹಿರಿಯ? ಕಝಕ್ ಇವನು!"

"ನಾನೇನು ಮಾಡ್ಲಿ ಖೋಲಾ," ಎಂದ ಸೆರಿಕ್‌ಬಾಯ್ ಪೆಚ್ಚಾಗಿ. "ನಮ್ಮಲ್ಲಿ ನೆಂಟಸ್ತಿಕೆಗೆ ಕುರಿಯ ಈಲಿ, ಬಾಲದ ಕೊಬ್ಬು ತಿನ್ನಿಸ್ತಾರೆ. ರೊಟ್ಟೀನ ಹಸಿವಾದ್ರೆ ತಿಂತೀವಿ." ಆದರೂ ಕೈಯಲ್ಲಿ ಉಳಿದಿದ್ದನ್ನು ಅವನು ಕೆಳಗಿಡಲಿಲ್ಲ. ಮುರಿದ ರೊಟ್ಟಿಯನ್ನು ಬಿಟ್ಟೇಳಬಾರದೆಂಬುದು ಅವರಲ್ಲೂ ಇದೆ.

ಸನೋಬರ್ ಒಂದು ತುಂಡು ತೆಗೆದುಕೊಂಡು ಶಾಂತವಾಗಿ ತಿನ್ನತೊಡಗಿದಳು. "ಮುರಿದದ್ದು ಮುರಿದದ್ದೇ ಅಕ್ಕಾ. ಅಂಟಿಸೋಕಾಗತ್ತಾ?"

ಹಫೀಝಾ ಮಿನಾರದ ಬುಡದ ನೆರಳಿಗೆ ಹೋಗಿ ಕೂತು ಮೊಣಕಾಲು ಒತ್ತಿಕೊಂಡಳು. ಮವ್ಜೂದಾ ಅವಳ ಮುಂದೆ ಹೋಗಿ ನಿಂತಳು. ನಾಟಕ ಆಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಬೆಳಿಗ್ಗೆಯಿಂದ ತಲೆ ತಗ್ಗಿಸ್ಕೊಂಡಿದ್ಯಲ್ಲ, ಸುಳ್ಳಾ ಅದು?" ಎಂದು ಕೇಳಿದಳು ಹಫೀಝಾ.

"ಸುಳ್ಳೇ ಖೋಲಾ. ನೀವೂ ನವೊಯಿ ಅಂದ್ರಿ."

"ಮದುವೆಯಾದ್ಮೇಲೆ ಈ ಕೆಲಸ ಬಿಡ್ತೀಯಾ?"

ಹೌದು ಎಂದರೆ ಈಗಲೇ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಅದು ಮವ್ಜೂದಾಗೆ ಚೆನ್ನಾಗಿ ತಿಳಿದಿತ್ತು.

"ಇಲ್ಲ. ಸಮರ್ಕಂದಲ್ಲೂ ಇದನ್ನೇ ಮಾಡ್ತೀನಿ. ನನಗೆ ಬೇರೆ ಕೆಲಸ ಬರಲ್ಲ, ಬೇರೆ ಕೆಲಸ ಇಷ್ಟವೂ ಇಲ್ಲ. ಬೇಡ ಅನ್ನೋದಾದ್ರೆ ಈಗ್ಲೇ ಅಂದ್ಬಿಡಿ. ಬೆಹ್ಜೋದನಿಗೆ ನಾನೇ ಹೇಳ್ತೀನಿ, ಅಮ್ಮನ ಮೇಲೆ ಕೋಪ ಮಾಡ್ಕೋಬೇಡ ಅಂತ."

"ಓಹೋ, ನನ್ನ ಮಗನಿಗೆ ನೀನು ಬುದ್ಧಿ ಹೇಳ್ತೀಯಾ," ಎಂದಳು ಹಫೀಝಾ. ಮುರಿಯದೆ ಉಳಿದ ಇನ್ನೊಂದು ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. "ಈ ಊರಲ್ಲಿ ಇನ್ನೇನು ಉಳಿದಿದೆ ನೋಡೋಕೆ?"

"ಬಜಾರಿನ ಗುಮ್ಮಟಗಳು, ಕೊಳ, ಆಮೇಲೆ ಚೋರ್ ಮಿನೋರ್."

"ಕೊಳದ ತನಕ ಬರ್ತೀನಿ. ದುಡ್ಡು ಕೊಟ್ಟಿದೀನಿ."

ಬಜಾರಿನ ಗುಮ್ಮಟಗಳ ತಂಪಿನಲ್ಲಿ ಮವ್ಜೂದಾ ತನ್ನ ಎಂದಿನ ದನಿಯಲ್ಲಿ ಮಾತಾಡಿದಳು. ಕೊಳದ ದಂಡೆಯ ಮದರಸಾದ ಮುಂಬಾಗಿಲ ಮೇಲೆ ಹೆಂಚಿನಲ್ಲಿ ಬಿಡಿಸಿದ ಎರಡು ದೊಡ್ಡ ಹಕ್ಕಿಗಳು, ನಡುವೆ ಮುಖವುಳ್ಳ ಸೂರ್ಯ. ಹಕ್ಕಿಯ ಉಗುರಿನಲ್ಲಿ ಸಿಕ್ಕಿರುವ ಬಿಳಿ ಪ್ರಾಣಿ ಜಿಂಕೆಯೋ ಹಂದಿಯೋ ಎಂದು ಸೆರಿಕ್‌ಬಾಯ್ ಮತ್ತು ಝಾನಾರ್ ಜಗಳವಾಡಿದರು. "ಜಿಂಕೆ," ಎಂದಳು ಹಫೀಝಾ ಕತ್ತೆತ್ತಿ ನೋಡಿ. "ಎಡಗಡೆ ರೆಕ್ಕೆ ಹತ್ರ ಹೆಂಚು ಸರಿಯಾಗಿ ಕೂತಿಲ್ಲ. ನನ್ನ ಮಗ ಆಗಿದ್ರೆ ಕಿತ್ತು ಮತ್ತೆ ಹಾಕ್ತಿದ್ದ." ಮವ್ಜೂದಾ ನೋಡಿದಳು. ಹಫೀಝಾ ಹೇಳಿದ್ದು ನಿಜವಾಗಿತ್ತು.

ಅಲ್ಲಿಂದ ಹಫೀಝಾ, ಸನೋಬರ್ ಇಬ್ಬರೂ ಟ್ಯಾಕ್ಸಿ ಹತ್ತಿದರು. ಎಲ್ಲಿಗೆ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮವ್ಜೂದಾಳ ಮನೆಯ ವಿಳಾಸವನ್ನು ಸನೋಬರ್ ಚಾಲಕನಿಗೆ ಕೂಗಿ ಹೇಳಿದ್ದು ಕೊಳದಾಚೆಗೂ ಕೇಳಿಸಿತು. ಹಿರಿಯರು ಮಾತಾಡುವಾಗ ಹುಡುಗಿ ಎದುರಿಗಿರುವ ಪದ್ಧತಿಯಿಲ್ಲ. ಬೇಕು ಎನ್ನಲು ಹೋದರೋ, ಬೇಡ ಎಂದು ಮರ್ಯಾದೆಯಿಂದ ಹೇಳಿ ಬರಲು ಹೋದರೋ, ಅದು ತಿಳಿಯುವಂತಿರಲಿಲ್ಲ.

ಚೋರ್ ಮಿನೋರಿನ ನಾಲ್ಕು ಗೋಪುರಗಳ ಮುಂದೆ ಮವ್ಜೂದಾ ತಡವರಿಸಿದಳು. ಎರಡು ಸಲ ಗೋಪುರ ಮೂರು ಎಂದಳು. ಸೆರಿಕ್‌ಬಾಯ್ ತಿದ್ದಲಿಲ್ಲ. ಅವಳ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಪ್ಪ.

"ಏನಮ್ಮಾ ಇದು, ನನ್ನ ಮಗಳ ನಿಶ್ಚಯ ಯಾವನೋ ಕಝಕ್ ಬೀದಿಯಲ್ಲಿ ಮಾಡಿದ್ನಂತೆ?"

"ಅಪ್ಪಾ, ಅವರೇನಂದ್ರು?"

"ಆ ದೊಡ್ಡಮ್ಮ ಗಟ್ಟಿ ಹೆಂಗಸು. ನಾಲ್ಕು ಬಟ್ಟಲು ಟೀ ಕುಡಿದ್ಲು, ಆಮೇಲೆ ಬಾಯಿ ಬಿಟ್ಲು. ಒಪ್ಪಿಗೆಯಂತೆ. ಆದ್ರೆ ಒಂದು ಕಂಡೀಷನ್ ಇದೆ. ಚಳಿಗಾಲ ಪೂರ್ತಿ ನೀನು ಕೆಲಸಕ್ಕೆ ಹೋಗ್ಬಾರ್ದು. ಡಿಸೆಂಬರಿಂದ ಫೆಬ್ರವರಿ ಮುಗಿಯೋ ತನಕ ಮನೇಲೇ ಇರ್ಬೇಕು. ಇದ್ರಲ್ಲಿ ಒಂದು ದಿನವೂ ಬಿಟ್ಕೊಡಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ಲು. ಏನಂತೀಯ?"

ಚಳಿಗಾಲದಲ್ಲಿ ಬುಖಾರಾಗಾಗಲಿ ಸಮರ್ಕಂದಿಗಾಗಲಿ ನಾಯಿಯೂ ಊರು ನೋಡಲು ಬರುವುದಿಲ್ಲ. ಆ ಮೂರು ತಿಂಗಳು ಮವ್ಜೂದಾ ಈ ಕೆಲಸಕ್ಕೆ ಸೇರಿದಾಗಿನಿಂದ ಮನೆಯಲ್ಲೇ ಕಾಲು ಕಾಯಿಸಿಕೊಂಡು ಕೂತಿದ್ದಾಳೆ. ಇದು ಸಮರ್ಕಂದಿನಲ್ಲೇ ಹುಟ್ಟಿ ಬೆಳೆದ ಹಫೀಝಾಗೆ ಗೊತ್ತಿಲ್ಲದೆ ಇರುತ್ತದೆಯೇ? ನೆರೆಹೊರೆಯವರ ಮುಂದೆ ಹೇಳಿಕೊಳ್ಳಲು ಅವಳಿಗೊಂದು ಷರತ್ತು ಬೇಕಿತ್ತು, ಅಷ್ಟೆ. ಅಥವಾ ನಿಜಕ್ಕೂ ಗೊತ್ತಿಲ್ಲವೋ.

ಮವ್ಜೂದಾ ಫೋನಿಗೆ ಕೇಳುವಂತೆ ದೀರ್ಘವಾಗಿ ನಿಟ್ಟುಸಿರು ಬಿಟ್ಟಳು.

"ಕಷ್ಟ ಅಪ್ಪಾ," ಎಂದಳು. "ತುಂಬಾ ಕಷ್ಟ. ಆದ್ರೆ ಹಿರಿಯರ ಮಾತು ಮೀರೋಕಾಗತ್ತಾ? ಒಪ್ಕೊಂಡೆ ಅಂತ ಹೇಳಿ."