ಗೋಡೆಯಾಚೆ ಕೇಳಿಸಿದ ಹಾಡು

ಒಂದೇ ಗೋಡೆ ಹಂಚಿಕೊಂಡ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ದರ್ಜಿ ಅಕ್ಕ ಮತ್ತು ಆಕೆಯ ಗಂಡ, ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಇನ್ನೊಂದರಲ್ಲಿ ನರ್ಸ್ ಒಬ್ಬಳೇ. ಗೋಡೆ ಎಷ್ಟು ತೆಳ್ಳಗೆಂದರೆ ಆಚೆ ಚಮಚ ಬಿದ್ದರೆ ಈಚೆ ಕೇಳಿಸುತ್ತಿತ್ತು. ದರ್ಜಿ ಅಕ್ಕನ ಹೊಲಿಗೆ ಮಷೀನು ಇದ್ದದ್ದು ಅದೇ ಗೋಡೆಗೆ ಒತ್ತಿಕೊಂಡು.

ಒಂದು ಸಂಜೆ ಪೇಂಟರ್ ಕೆಲಸದಿಂದ ಬಂದು, ದಿನದಂತೆ ಮೊಬೈಲಿನಲ್ಲಿ ತನ್ನ ಇಷ್ಟದ ಹಳೇ ಹಾಡು ಹಾಕಿದ. ಸದ್ದೇ ಬರಲಿಲ್ಲ. ಮೊಬೈಲನ್ನು ಅಲ್ಲಾಡಿಸಿದ, ಸದ್ದು ಪೂರ್ತಿ ಏರಿಸಿದ. ಊಹೂಂ. ಒಳಗೆ ಬಣ್ಣ ಹೋಗಿ ಕೆಟ್ಟಿರಬೇಕೆಂದು ಗೊಣಗುತ್ತ ಅದನ್ನು ಹಾಗೇ ಚಾರ್ಜಿಗೆ ಹಾಕಿ, ಅದೇ ಹಾಡನ್ನು ತಾನೇ ಹೇಳಿಕೊಳ್ಳುತ್ತ ಹಿಂದಿನ ಬಚ್ಚಲಿಗೆ ಹೋದ.

ದರ್ಜಿ ಅಕ್ಕ ಮಷೀನು ನಿಲ್ಲಿಸಿ ದಾರ ಕತ್ತರಿಸಿದಾಗ ಗೋಡೆಯಾಚೆಯಿಂದ ಹಾಡು ಕೇಳಿಸಿತು. ಬಚ್ಚಲಲ್ಲಿ ಗಂಡ ಹೇಳುತ್ತಿದ್ದ ಅದೇ ಹಾಡು. ಇಬ್ಬರೂ ಮಾತಾಡಿಕೊಂಡು ಶುರುಮಾಡಿದ ಹಾಗಿತ್ತು. ಆಕೆ ಗೋಡೆಗೆ ಕಿವಿಯಿಟ್ಟು ಕೇಳಿದಳು. ಆಚೆಯ ಹಾಡು ಅರ್ಧಕ್ಕೇ ಫಕ್ಕನೆ ನಿಂತಿತು. ಸಿಕ್ಕಿಬೀಳುತ್ತೇನೆಂದು ನರ್ಸ್ ನಿಲ್ಲಿಸಿದಳೇ?

ಹೋದ ತಿಂಗಳು ಪೇಂಟರ್ ನರ್ಸ್ ಮನೆಗೆ ಎರಡು ದಿನ ಬಣ್ಣ ಬಳಿದಿದ್ದ. ಮನೆಗೆ ಬಂದು, ಆಯಮ್ಮ ಎಷ್ಟು ಮರ್ಯಾದೆಯವಳು, ಸುಸ್ತಾಯ್ತಾ ಅಂತ ಎರಡು ಸಲ ಕೇಳಿದಳು ಎಂದು ಹೊಗಳಿದ್ದ. ಎಂಟು ವರ್ಷದಿಂದ ಇವನ ಅಂಗಿಯ ಬಣ್ಣದ ಕಲೆ ಉಜ್ಜಿ ಉಜ್ಜಿ ದರ್ಜಿ ಅಕ್ಕನ ಬೆರಳು ಸವೆದಿದ್ದವು. ಆ ಹೊಗಳಿಕೆ ಅಂದಿನಿಂದಲೂ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಆಕೆ ದಿನಗಳನ್ನು ಗಮನಿಸತೊಡಗಿದಳು. ನರ್ಸ್‌ಗೆ ಸಂಜೆ ಡ್ಯೂಟಿ ಇದ್ದ ವಾರ ಗೋಡೆಯಾಚೆ ಸದ್ದಿಲ್ಲ, ಗಂಡನ ಮೊಬೈಲು ಗಟ್ಟಿಯಾಗಿ ಹಾಡುತ್ತಿತ್ತು. ನರ್ಸ್ ಮನೆಯಲ್ಲಿದ್ದರೆ ಮೊಬೈಲು ಮೂಕ, ಆಚೆ ಹಾಡು. ಗಂಡನನ್ನು ಕೇಳಿದರೆ ಮೊಬೈಲು ಕೆಟ್ಟಿದೆ, ಹೊಸದು ಬೇಕು ಎನ್ನುತ್ತಿದ್ದ. ಅವಳು ಮನೆಯಲ್ಲಿದ್ದಾಗ ಮಾತ್ರ ಕೆಡುವ ಮೊಬೈಲು ಯಾವ ಲೋಕದಲ್ಲಿದೆ ಎಂದು ದರ್ಜಿ ಅಕ್ಕ ಒಳಗೊಳಗೇ ಕುದಿದಳು.

ನರ್ಸ್ ಸಮವಸ್ತ್ರ ಹೊಲಿಯಲು ಕೊಟ್ಟಿದ್ದ ಬಿಳಿ ಬಟ್ಟೆಯನ್ನು, ಕೈತುಂಬ ಕೆಲಸವಿದೆ ಎಂದು ಹಾಗೇ ವಾಪಸ್ಸು ಕಳಿಸಿದಳು. ಮರುದಿನ ನರ್ಸ್ ಭುಜದಲ್ಲಿ ಹರಿದ ಹಳೆಯದಕ್ಕೇ ಪಿನ್ನು ಹಾಕಿಕೊಂಡು ಹೋದಳು. ಕಿಟಕಿಯಿಂದ ಅದನ್ನು ನೋಡಿ ದರ್ಜಿ ಅಕ್ಕನಿಗೆ ಹಾಯೆನಿಸಿತು. ಆದರೂ ಎಷ್ಟು ನೆಟ್ಟಗೆ ನಡೆಯುತ್ತಾಳಲ್ಲ ಎಂದು ನೋಡುತ್ತಲೇ ಇದ್ದಳು. ಆಮೇಲೆ ಕನ್ನಡಿಯಲ್ಲಿ ತನ್ನ ಬಾಗಿದ ಬೆನ್ನು ಕಂಡು ಹೊಟ್ಟೆಯ ಕಿಚ್ಚು ಇನ್ನಷ್ಟು ಹೆಚ್ಚಿತು.

ಒಂದು ರಜೆಯ ದಿನ ಪೇಂಟರ್ ತಾರಸಿಯಲ್ಲಿ ಬ್ರಷ್ ತೊಳೆಯುತ್ತಿದ್ದ. ಎದುರಿಗೆ ನಿಂತು ಕೇಳಿದರೆ ಅಳು ಬರುತ್ತದೆಂದು ದರ್ಜಿ ಅಕ್ಕ ತನ್ನ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಅವನಿಗೆ ಕಳಿಸಿದಳು. "ಅವಳ ಹಾಡು ಅಷ್ಟು ಇಷ್ಟ ಆದ್ರೆ ಅಲ್ಲೇ ಹೋಗಿ ಇರಿ. ಬೆಳ್ಳಗಿನ ಬಟ್ಟೆ ಹಾಕ್ಕೊಂಡು ಬೀಗೋಳ ಮುಂದೆ ನಾನ್ಯಾರು? ನೂಲು ಕತ್ತರಿಸೋಳು. ಗಂಡ ಇಲ್ಲದೋಳು ಬೇರೆಯವರ ಗಂಡನ್ನ ಹೀಗಾ ಕರೆಯೋದು?"

ಎರಡು ನಿಮಿಷವೂ ಆಗಿರಲಿಲ್ಲ. ದರ್ಜಿ ಅಕ್ಕನದೇ ದನಿ ಗೋಡೆಯಾಚೆಯಿಂದ ಕೇಳಿಸಿತು. ಅವಳು ಪಿಸುಗುಟ್ಟಿದ್ದು ಅಲ್ಲಿ ಡಂಗುರದ ಹಾಗೆ ಮೊಳಗುತ್ತಿತ್ತು. ಕೊನೆಯ ಮಾತಿನವರೆಗೂ.

ನರ್ಸ್ ಬಾಗಿಲಿಗೆ ಬಂದಳು. ಕೈಯಲ್ಲಿ ಲೋಟದಷ್ಟು ಎತ್ತರದ ಕಪ್ಪು ಸ್ಪೀಕರ್ ಇತ್ತು.

"ನೀವಂದದ್ದು ಪೂರ್ತಿ ಕೇಳಿಸ್ತು ಅಕ್ಕ," ಎಂದಳು. "ಆನ್ ಮಾಡಿಟ್ರೆ ಸಾಕು, ಈ ಪೆಟ್ಟಿಗೆ ತಾನಾಗೇ ಹಾಡತ್ತೆ. ಯಾವುದೋ ರೇಡಿಯೋ ಹಿಡಿಯತ್ತೇನೋ ಅಂತ ಹೆದರಿ ಹೆದರಿ ನಾನೇ ಆರಿಸ್ತಿದ್ದೆ. ಇವತ್ತು ನಿಮ್ಮ ದನಿ ಬಂತು."

ಪೇಂಟರ್ ತಾರಸಿಯಿಂದ ಇಳಿದು ಬಂದ. ಹೆಂಡತಿಯ ಸಂದೇಶ ಒತ್ತಿದರೂ ಏನೂ ಕೇಳಲಿಲ್ಲವೆಂದ. ದರ್ಜಿ ಅಕ್ಕನಿಗೆ ಅದೂ ನಾಟಕವೆನಿಸಿತು. ಇಬ್ಬರೂ ಸೇರಿ ಹೆಣೆದ ಕಥೆ ಎಂದು ಮುಖ ತಿರುಗಿಸಿದಳು. ಪೇಂಟರ್ ದಿಕ್ಕು ತೋಚದೆ ತನ್ನ ತಂಗಿಗೆ ಫೋನು ಮಾಡಿದ. ಅವಳು ಎರಡು ಬೀದಿ ಆಚೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

ನಾದಿನಿ ಬಂದವಳೇ, ಯಾರೂ ಯಾರನ್ನೂ ಬಯ್ಯುವುದು ಬೇಡ, ಮೊಬೈಲು ಎಲ್ಲೆಲ್ಲಿ ಮೂಕವಾಗುತ್ತದೆ ಹೇಳಿ ಎಂದಳು. ಮನೆಯಲ್ಲಿ ಮಾತ್ರ, ಕೆಲಸದ ಜಾಗದಲ್ಲಿ ಸರಿ ಇರುತ್ತದೆ ಎಂದ ಪೇಂಟರ್. ಕೆಟ್ಟ ಮೊಬೈಲು ಎಲ್ಲ ಕಡೆಯೂ ಕೆಟ್ಟಿರುತ್ತದೆ, ಜಾಗ ನೋಡಿ ಕೆಡುವುದಾದರೆ ಕಾರಣ ಆ ಜಾಗದಲ್ಲಿದೆ ಎಂದಳು ನಾದಿನಿ. ಅವನ ಮೊಬೈಲಿನಲ್ಲಿ ಬ್ಲೂಟೂತ್ ಪಟ್ಟಿ ತೆಗೆದಳು. ಅಲ್ಲಿ ನರ್ಸ್‌ನ ಸ್ಪೀಕರಿನ ಹೆಸರಿತ್ತು.

ಪೇಂಟರ್‌ಗೆ ಆಗ ನೆನಪಾಯಿತು. ಬಣ್ಣ ಬಳಿಯುವಾಗ ಹಾಡು ಕೇಳಿಕೊಂಡು ಕೆಲಸ ಮಾಡಿ ಎಂದು ನರ್ಸ್ ಹೊಸ ಸ್ಪೀಕರ್ ಕೊಟ್ಟಿದ್ದಳು. ಅಂದು ಜೋಡಿಸಿದ್ದ, ಆಮೇಲೆ ಮರೆತಿದ್ದ.

"ನೀನು ಮರೆತೆ ಅಣ್ಣ, ಮೊಬೈಲು ಮರೀಲಿಲ್ಲ," ಎಂದಳು ನಾದಿನಿ. "ಒಂದ್ಸಲ ಜೋಡಿಸಿದ್ರೆ ಅದು ಗುರುತು ಇಟ್ಕೊಳತ್ತೆ. ಆ ಸ್ಪೀಕರ್ ಆನ್ ಆಗಿ ಹತ್ತಿರ ಇದ್ರೆ ಸಾಕು, ಕೇಳದೇನೇ ಹೋಗಿ ಸೇರ್ಕೊಳತ್ತೆ. ಅದಕ್ಕೆ ಗೋಡೆ ಕಾಣಲ್ಲ, ಮನೆ ಯಾರದು ಅಂತಾನೂ ಗೊತ್ತಿಲ್ಲ. ಸದ್ದೆಲ್ಲ ಅಲ್ಲಿಗೆ ಹೋಗತ್ತೆ, ಕೈಲಿರೋ ಮೊಬೈಲು ಸುಮ್ನಿರತ್ತೆ."

ದರ್ಜಿ ಅಕ್ಕ ನಂಬಲಿಲ್ಲ. ಗಂಡನ ಮೊಬೈಲು ಕಿತ್ತುಕೊಂಡು ಹಾಡು ಹಾಕಿದಳು. ಹಾಡು ನರ್ಸ್‌ನ ಕೈಯಲ್ಲಿದ್ದ ಸ್ಪೀಕರಿನಿಂದ ಬಂತು. ಬೀದಿಯ ತುದಿಯವರೆಗೆ ನಡೆದಳು. ದಾರಿಯಲ್ಲಿ ಹಾಡು ನಿಂತಿತು. ಮತ್ತೆ ಒತ್ತಿದಾಗ ತನ್ನ ಕೈಯೊಳಗೇ ಹಾಡಿತು. ವಾಪಸ್ಸು ಬಂದಳು. ಸ್ವಲ್ಪ ಹೊತ್ತಿಗೆ ಮೊಬೈಲು ಮತ್ತೆ ಮೂಕವಾಯಿತು. ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ಬಂದವಳಿಗೆ ನರ್ಸ್‌ನ ಮುಖ ನೋಡಲಾಗಲಿಲ್ಲ.

ನರ್ಸ್ ಸ್ಪೀಕರನ್ನು ಆರಿಸದೆ ಹಾಗೇ ಹಿಡಿದುಕೊಂಡು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾದಿನಿ ಅತ್ತಿಗೆಯ ಕೈಯಿಂದಲೇ ಪಟ್ಟಿಯಲ್ಲಿದ್ದ ಸ್ಪೀಕರಿನ ಹೆಸರಿನ ಪಕ್ಕದ ಗುರುತು ಒತ್ತಿಸಿ, 'ಮರೆತುಬಿಡಿ' ಎಂಬುದನ್ನೂ ಒತ್ತಿಸಿದಳು. ಹೆಸರು ಹೋಯಿತು. ಬೇಡವಾದಾಗ ಬ್ಲೂಟೂತ್ ಆರಿಸಿಡಬೇಕೆಂದು ಅಣ್ಣನಿಗೂ ಹೇಳಿದಳು.

ಸರಿಯಾಯಿತೇ ಎಂದು ನೋಡಬೇಕಲ್ಲ. ದರ್ಜಿ ಅಕ್ಕ ತನ್ನ ಮೊಬೈಲು ಬಾಯಿಗೆ ಹಿಡಿದು, ನರ್ಸ್‌ಗೆ ಹೇಳಬೇಕಾದ ಮಾತನ್ನೇ ಇನ್ನೊಂದು ಸಂದೇಶವಾಗಿ ಗಂಡನಿಗೆ ಕಳಿಸಿದಳು. ಗಂಡ ಅದನ್ನು ಒತ್ತಿದ. "ತಪ್ಪಾಯ್ತು ತಂಗಿ. ನನ್ನ ಹೊಟ್ಟೆಕಿಚ್ಚಿಗೆ ನಿನ್ನ ಮೇಲೆ ಕೆಸರೆರಚಿದೆ." ದನಿ ಅವನ ಕೈಯಲ್ಲಿದ್ದ ಮೊಬೈಲಿನಿಂದಲೇ ಬಂತು. ಗೋಡೆಯಾಚೆ ಏನೂ ಕೇಳಿಸಲಿಲ್ಲ.

"ಮೊಬೈಲು ಸರಿಹೋಯ್ತು ಅತ್ತಿಗೆ," ಎಂದಳು ನಾದಿನಿ. "ಆ ಮಾತು ಅವರಿಗೆ ಕೇಳಬೇಕಾದ್ರೆ ಈಗ ನೀವೇ ಹೋಗಬೇಕು."

ದರ್ಜಿ ಅಕ್ಕ ಹೋದಳು. ಬಾಗಿಲು ತೆರೆಯಲು ತುಂಬ ಹೊತ್ತು ಹಿಡಿಯಿತು. ನರ್ಸ್ ಎಲ್ಲ ಕೇಳಿಸಿಕೊಂಡಳು. ನಂಗೆ ಸ್ವಲ್ಪ ದಿನ ಬೇಕು ಅಕ್ಕ ಎಂದಳು. ಒಳಗೆ ಕರೆಯಲಿಲ್ಲ. ಆದರೆ ದರ್ಜಿ ಅಕ್ಕ ತಿರುಗಿ ಮೆಟ್ಟಿಲು ಇಳಿಯುವವರೆಗೂ ಬಾಗಿಲು ಮುಚ್ಚಲಿಲ್ಲ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗಲೇ ನಿಮ್ಮ ಮೊಬೈಲಿನ ಬ್ಲೂಟೂತ್ ಪಟ್ಟಿ ತೆಗೆದು ನೋಡಿ. ಬೇರೆಯವರ ಸ್ಪೀಕರ್, ಟಿವಿ, ಕಾರು ಎಷ್ಟಿವೆಯೋ ಎಲ್ಲ ಅಳಿಸಿ. ನಿಮ್ಮ ಫೋನಿನ ಮಾತೂ ಹೀಗೆಯೇ ಇನ್ನೊಂದು ಮನೆಯಲ್ಲಿ ಕೇಳಿಸಬಹುದು. ಮೊಬೈಲು ಮೂಕವಾದರೆ ಹೊಸದು ಕೊಳ್ಳುವ ಮುನ್ನ ಬೀದಿಯ ತುದಿಯವರೆಗೆ ಹೋಗಿ ಪರೀಕ್ಷಿಸಿ. ಈ ಕಥೆಯ ಮೂವರಿಗೂ ವಿಷಯದ ಒಂದೊಂದು ತುಂಡು ಗೊತ್ತಿತ್ತು. ಒಬ್ಬರು ಗೋಡೆಯಾಚೆಗೆ ಹೋಗಿ ಬಾಯಿಬಿಟ್ಟು ಕೇಳಿದ್ದರೂ ಮೊದಲ ದಿನವೇ ಮುಗಿಯುತ್ತಿತ್ತು. ಯಂತ್ರ ವಿಚಿತ್ರವಾಗಿ ನಡೆದುಕೊಂಡರೆ ಮೊದಲು ಯಂತ್ರವನ್ನು ಅನುಮಾನಿಸಿ, ಮನುಷ್ಯರನ್ನಲ್ಲ.