ನಾದಿನಿ ಮಾಡಿಸಿದ ಹೆರಿಗೆ

ಮರಿ ಹಾಕುವವರೆಗೆ ಮಾತ್ರ ಎಂದು ಮನೆಗೆ ತಂದಿದ್ದ ಬಸುರಿ ಬೀದಿಬೆಕ್ಕಿಗೆ ಟೈಲರಮ್ಮ ಬಚ್ಚಲುಮನೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು, ಮೇಲೆ ಟವೆಲ್ ಹೊದಿಸಿದ್ದಳು. ಮನುಷ್ಯರ ನೆರಳು ಬಿದ್ದರೂ ಅದು ಬುಸುಗುಡುತ್ತಿತ್ತು. "ಯಾರೂ ಒಳಗೆ ಹೋಗ್ಬೇಡಿ" ಎಂದು ಮನೆಯವರಿಗೆಲ್ಲ ಹೇಳಿದ್ದಳು. ಆದರೆ ನಾದಿನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳ ಪ್ರಕಾರ ಮೂರು ಹೆತ್ತವಳು ಇಡೀ ಜಗತ್ತಿಗೇ ಸೂಲಗಿತ್ತಿ.

"ನಂಗೆ ಹೇಳ್ಕೊಡ್ಬೇಡಿ ಅತ್ತಿಗೆ. ಹೆರಿಗೇಲಿ ಜೊತೆಗೊಬ್ರು ಇರ್ಬೇಕು" ಎಂದಿದ್ದವಳು, ಅತ್ತಿಗೆ ಅಂಗಡಿಗೆ ಹೋದದ್ದೇ ತಡ, ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಗಳಿಗೆಗೊಮ್ಮೆ ಟವೆಲ್ ಎತ್ತಿ ಮೂಗು ತೂರಿಸಿ, "ಇನ್ನೊಂಚೂರು ತಿಣುಕು ಮಗಳೇ" ಎಂದಳು. ಒಂದು ಮರಿ ಹಾಕಿದ ಬೆಕ್ಕು ಹೆದರಿ ಹೆರಿಗೆಯನ್ನೇ ನಿಲ್ಲಿಸಿಬಿಟ್ಟಿತು.

ಟೈಲರಮ್ಮ ಓಡಿಬಂದು ಕರೆಸಿದ ಡಾಕ್ಟರು, ಸಿಕ್ಕಿಕೊಂಡಿದ್ದ ಎರಡನೆಯ ಮರಿಯನ್ನು ಎಳೆದು ತೆಗೆದರು. ಅದಕ್ಕೆ ಉಸಿರಿರಲಿಲ್ಲ.

"ಇಂಥ ಬೆಕ್ಕು ಯಾರಾದ್ರೂ ನೋಡ್ತಿದ್ರೆ ಮರಿ ಹಾಕಲ್ಲ. ಎಲ್ರೂ ಹೊರಗೆ ನಡೀರಿ" ಎಂದರು.

ಬಾಗಿಲು ಮುಚ್ಚಿದ ಮೇಲೆ ಉಳಿದ ಎರಡೂ ಸಲೀಸಾಗಿ ಹುಟ್ಟಿದವು. ನಾದಿನಿ ಆಗಲೇ ಫೋನು ಹಿಡಿದು ಊರಿಗೆಲ್ಲ ಹೇಳುತ್ತಿದ್ದಳು: "ನಾನಿಲ್ದೇ ಇದ್ದಿದ್ರೆ ಏನಾಗ್ತಿತ್ತೋ."

ಏನಾಗುತ್ತಿತ್ತೆಂದು, ಸತ್ತ ಮರಿಯನ್ನು ಅಸ್ತರಿನ ಚೂರಿನಲ್ಲಿ ಸುತ್ತುತ್ತಿದ್ದ ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಈ ಮರಿಯೂ ಈಗ ಹಾಲು ಕುಡಿಯುತ್ತಿರುತ್ತಿತ್ತು.