ಆನೆ ಕಂದಕದಲ್ಲಿ ಶಕುಂತಲಮ್ಮ

ಸೊಪ್ಪಿನ ವಾಸನೆ ಮಾತ್ರ ಏನೂ ಆಗಿಲ್ಲವೆಂಬಂತೆ ಘಮ್ಮೆನ್ನುತ್ತಿದೆ, ಮಡಿಲಲ್ಲಿ ಕಟ್ಟಿಕೊಂಡದ್ದು ಮಡಿಲಲ್ಲೇ ಇದೆ, ಒಂದೆಲೆಯೂ ಉದುರಿಲ್ಲ, ಬಿದ್ದದ್ದು ಶಕುಂತಲಮ್ಮ ಒಬ್ಬಳೇ — ಕಂದಕ ದಾಟಲು ಅಡ್ಡ ಹಾಕಿದ್ದ ಅಡಿಕೆ ದಬ್ಬೆ ಮುರಿದು, ಬೆನ್ನು ಕೆಳಗಾಗಿ, ಆನೆ ಕಂದಕದ ಕೆಸರಿಗೆ, ಹಲಸಿನಹಣ್ಣಿನ ಹಾಗೆ ದೊಪ್ಪೆಂದು. ಎಡಗಾಲು ಉಳುಕಿದೆ, ಮೂಳೆ ಮುರಿದಿಲ್ಲ, ಎದ್ದು ನಿಂತದ್ದಾಯಿತು, ಕೈ ಚಾಚಿದ್ದಾಯಿತು, ಇನ್ನೊಂದು ಅರ್ಧ ಶಕುಂತಲಮ್ಮ ಇದ್ದಿದ್ದರೆ ಅಂಚು ಸಿಗುತ್ತಿತ್ತು, ಗೋಡೆಯೋ ಕೆಂಪು ಜೇಡಿ, ಉಗುರು ಊರಿದರೆ ಬೆಣ್ಣೆಯಂತೆ ಕಿತ್ತು ಬರುತ್ತದೆ, ಇಷ್ಟು ನೆಟ್ಟಗೆ ಯಾವ ಪುಣ್ಯಾತ್ಮ ತೋಡಿದ — ಯಾರೇಕೆ, ಅವಳೇ ತೋಡಿಸಿದ್ದು. ಜೆಸಿಬಿ ಚಂದ್ರುವಿಗೆ ಅಕ್ಕಿರೊಟ್ಟಿ ಕಾಯಿಚಟ್ನಿ ಕೊಟ್ಟು, ಮರದಡಿ ಕುರ್ಚಿ ಹಾಕಿಕೊಂಡು ಕೂತು, ಇನ್ನೂ ಸ್ವಲ್ಪ ಆಳ ಹೋಗ್ಲಿ ಕಣಪ್ಪ, ಸಾಕು ಕಣಮ್ಮ ಇಲಾಖೆಯವ್ರು ಹೇಳಿದ್ದಕ್ಕಿಂತ ಜಾಸ್ತಿನೇ ಆಯ್ತು, ಆನೆ ಬರೋದು ಇಲಾಖೆಯವ್ರ ಬಾಳೆಗಲ್ಲ ನನ್ ಬಾಳೆಗೆ, ತೋಡು. ತೋಡಿದ. ಮೇಲಿನ ಅಂಚಿನಿಂದ ಒಂದು ಹೆಂಟೆ ಮಣ್ಣು ಜಾರಿ ಹೆಗಲಿಗೆ ಬಿತ್ತು, ಸರಕ್ — ಬೇಡ, ಹೋದ ವರ್ಷದ ಆ ಆನೆಯ ಕಾಲು ಈಗ ನೆನಪಾಗುವುದು ಬೇಡ.

ಇವತ್ತು ಆಟಿ ತಿಂಗಳ ಹದಿನೆಂಟನೇ ದಿನ, ಈ ಒಂದು ದಿನ ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಸೇರುತ್ತದೆ, ಬೇಯಿಸಿದರೆ ನೀರು ನೇರಳೆ, ಪಾಯಸ ನೇರಳೆ, ಉಂಡವರ ನಾಲಿಗೆ ನೇರಳೆ, ಮರುದಿನ ಬಚ್ಚಲಿಗೆ ಹೋದವರೆಲ್ಲ ಉಚ್ಚೆಯೂ ಕೆಂಪಾದದ್ದು ನೋಡಿ ನಗಬೇಕು. ಮನೆಯ ಬೇಲಿಯಲ್ಲೇ ಮಂಡಿಯುದ್ದ ಬೆಳೆಯುತ್ತಿತ್ತು, ಕಾಫಿ ಬುಡ ಚೊಕ್ಕಟವಾಗಿರಲಿ ಎಂದು ಕಳೆ ಔಷಧಿ ಹೊಡೆಸಿದ್ದೂ ಅವಳೇ, ಈಗ ಬೇಲಿಬದಿ ಬೋಳಿಸಿದ ತಲೆ. ಸೊಸೆ ಚಂದನಾ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ಅತ್ತೆ, ಸಂತೇಲಿ ಕಟ್ಟು ಮಾರ್ತಾರೆ ತರಿಸಿದ್ರಾಯ್ತು, ಕಾಡಿಗೆ ಮಾತ್ರ ಹೋಗ್ಬೇಡಿ, ಆನೆ ಹಿಂಡು ಇಳಿದೈತೆ ಅಂತ ಗಾರ್ಡ್ ಜವರಪ್ಪ ಹೇಳಿ ಹೋದ್ರು. ಹೇಳಿದ್ದರಲ್ಲಿ ತಪ್ಪೇನಿತ್ತು, ಏನೂ ಇರಲಿಲ್ಲ, ಅದಕ್ಕೇ ಸಿಟ್ಟು ಬಂತು. ಕಾಡಿಗ್ಯಾಕಮ್ಮ ಹೋಗ್ಲಿ, ವಿರಾಜಪೇಟೆಗೆ ತಂಗಿ ಮನೆಗೆ ಹೋಗ್ತೀನಿ, ಬರೋದು ನಾಳೆ. ಎಂಥ ಸಲೀಸಾಗಿ ಬಂತು ಬಾಯಿಗೆ ಸುಳ್ಳು. ಫೋನನ್ನು ಬೇಕೆಂದೇ ಚಾರ್ಜಿಗೆ ಹಾಕಿ ಬಿಟ್ಟು ಬಂದದ್ದು, ನಡುವೆ ಅದು ಕೂಗಿ ಗುಟ್ಟು ರಟ್ಟಾಗದಿರಲಿ ಎಂದು, ಮಧ್ಯಾಹ್ನ ಸೊಪ್ಪನ್ನು ಒಲೆ ಮುಂದೆ ಸುರಿದು ಅವಳ ಮುಖ ನೋಡಬೇಕೆಂದು. ಈಗ ಕೂಗಿದರೆ ಯಾರು ಬರಬೇಕು, ಚಂದನಾ, ಏ ಚಂದನಾ — ಮಳೆ ಮಾತನ್ನು ಅಲ್ಲೇ ನುಂಗುತ್ತದೆ, ಚಂದನಾಳ ಲೆಕ್ಕದಲ್ಲಿ ಅತ್ತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಳೆ. ನಾಳೆ ಸಂಜೆಯವರೆಗೆ ಯಾರೂ ಹುಡುಕುವುದಿಲ್ಲ.

ಬೆಳಿಗ್ಗೆ ಸೊಪ್ಪು ಹುಡುಕಿ ಹೋದಾಗ ಕಾಡು ಮಾತ್ರ ಕೈ ಬಿಡಲಿಲ್ಲ, ಹಳೇ ನೆಂಟರಂತೆ ಎಲ್ಲವನ್ನೂ ಎದುರಿಗಿಟ್ಟಿತು — ಹಳ್ಳದ ಬಂಡೆಯ ಪಾಚಿ, ಬೆತ್ತದ ಮೆಳೆ, ಮರದ ಕವಲಿನಲ್ಲಿ ಸೀತಾಳೆ ಹೂವಿನ ದಂಡೆ, ತಲೆ ಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆ ಬುಸ್ಸೆಂದು ಹೋದದ್ದು, ಇಂಬಳ ರಕ್ತ ಹೀರುತ್ತಾ ಮಂಡಿ ಹತ್ತಿದ್ದೂ ಗೊತ್ತಾಗದಷ್ಟು ದೂರ ಏರಿಬಿಟ್ಟಳು, ಈ ವಯಸ್ಸಿಗೆ. ಅಪ್ಪ ಒಮ್ಮೆ ಪುಷ್ಪಗಿರಿಯ ನೆತ್ತಿಗೆ ಕರೆದುಕೊಂಡು ಹೋಗಿದ್ದ, ಅವಳಿನ್ನೂ ಲಂಗದ ಹುಡುಗಿ, ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು, ಕೊನೆಗೆ ಒಂದು ಹೊಳೆಯುವ ಗೆರೆ, ಅಗೋ ನೋಡು ಮಗಾ ಕಡಲು, ಇಲ್ಲಿಂದ ಅಲ್ಲೀಗಂಟ ಒಂದೇ ಒಂದು ಬೇಲಿ ಇಲ್ಲ. ಇರಲಿಲ್ಲ ಆಗ. ಈಗ ಮೇಲೆ ನೋಡಿದರೆ ಆಕಾಶ ಒಂದು ಬೂದು ಪಟ್ಟಿ, ಸೀರೆ ಅಂಚಿನಷ್ಟು ಅಗಲ, ನೀರು ಕಣಕಾಲು ದಾಟಿದೆ, ತಣ್ಣಗೆ, ಮೇಲಿನ ಗುಡ್ಡದ ನೀರೆಲ್ಲ ಈ ಕಂದಕಕ್ಕೇ ಇಳಿಯುವುದು, ರಾತ್ರಿಗೆ ಸೊಂಟ, ಆಮೇಲೆ — ದಬ್ಬೆ ಹಾಕಿಟ್ಟಿದ್ದೂ ಅವಳೇ ಅಲ್ಲವೇ, ಊರಲ್ಲಿ ಎಲ್ಲರದ್ದೂ ಒಂದೊಂದು ಕಳ್ಳ ದಬ್ಬೆ ಇದೆ, ಆನೆಗೆ ಕಂದಕ ಬೇಕು, ತಮಗೆ ಕಾಡೂ ಬೇಕು.

ಇಳಿಜಾರು! ಇದೆಯಲ್ಲ, ಇಳಿಜಾರು ಇದೆ, ಇದೇ ಕಂದಕದಲ್ಲಿ ಹೋದ ವರ್ಷ ಮರಿಯಾನೆ ಹತ್ತಿ ಹೋದದ್ದು, ಬಸರಿ ಮರದ ಎದುರಿಗೆ, ಗೋಡೆ ಹಿಡಿದು ಕುಂಟುತ್ತಾ ನಡೆದರೆ ಆಯಿತು, ಥೂ ಮೊದಲೇ ಹೊಳೆಯಬಾರದಿತ್ತೇ. ಮರಿ ಬಿದ್ದ ದಿನ ಊರೆಲ್ಲ ಈಚೆ ದಡದಲ್ಲಿ, ತಾಯಿ ಆಚೆ ದಡದಲ್ಲಿ, ಘೀಳಿಡಲಿಲ್ಲ ಅದು, ಓಡಿಸಿದರೂ ಹೋಗಲಿಲ್ಲ, ಮುಂಗಾಲಿನಿಂದ ಅಂಚನ್ನು ಕೆರೆಯುತ್ತಿತ್ತು, ಸರಕ್, ಒಂದು ಮೊರ ಮಣ್ಣು ಕೆಳಗೆ, ಸರಕ್, ಇನ್ನೊಂದು ಮೊರ, ಬಿಳಿ ಉಗುರಿನ ಆ ಕಾಲು, ಉಗುರಿನ ಸಂದಿಯಲ್ಲಿ ರಕ್ತ ಬಂದರೂ ನಿಲ್ಲದ ಕಾಲು. ಕೊನೆಗೆ ಚಂದ್ರುವೇ ಜೆಸಿಬಿ ತಂದು ಆಚೆ ಗೋಡೆಯನ್ನು ಓರೆ ಕಡಿದು ದಾರಿ ಮಾಡಿದ, ಮರಿ ಹತ್ತಿತು, ತಾಯಿ ಸೊಂಡಿಲಿನಿಂದ ಅದನ್ನು ಅಡಿಯಿಂದ ಮುಡಿಯವರೆಗೆ ತಡವಿತು, ಜನ ಚಪ್ಪಾಳೆ ತಟ್ಟಿದರು. ಬಸರಿ ಮರ ಬಂತು. ಅದರ ಬೇರು ಬಂತು. ಎದುರಿಗೆ ಗೋಡೆ, ನೆಟ್ಟಗೆ, ನುಣ್ಣಗೆ, ಜೆಸಿಬಿ ಹಲ್ಲಿನ ಗೆರೆ ಇನ್ನೂ ಕಾಣುವಂತೆ. ಮರಿ ಹತ್ತಿ ಹೋದ ಮಾರನೇ ದಿನವೇ, ಬಿಡೀ ಅಮ್ಮ, ಒಂದ್ ಕಡೆ ಇಳಿಜಾರು ಹಂಗೇ ಇರ್ಲಿ, ಬಿದ್ದಿದ್ದಕ್ಕೆ ಹತ್ತೋಕೆ ದಾರಿ ಬೇಕಲ್ಲ ಅಂತ ಜವರಪ್ಪ, ಬೀಳೋದು ಯಾಕ್ರೀ ಅದು, ಕಣ್ಣಿಲ್ವಾ ಅಂತ ಇವಳು, ಚಂದ್ರು, ನೀನು ಮೊದಲಿನ ಥರಾನೇ ನೆಟ್ಟಗೆ ಮಾಡಪ್ಪ. ಮಾಡಿದ. ಕಣ್ಣಿಲ್ವಾ. ಅಯ್ಯೋ ಶಿವನೇ, ಕಣ್ಣಿಲ್ವಾ ಅಂದಿದ್ದೆನಲ್ಲ.

ಅತ್ತದ್ದಾಯಿತು. ಮೋಡ ಇನ್ನಷ್ಟು ಕೆಳಗಿಳಿದು ಬೂದು ಪಟ್ಟಿಯೂ ಕಪ್ಪಾಗುತ್ತಾ ಬಂದಿದೆ, ನೀರು ಮಂಡಿಗೆ, ಸಾಯುವುದಕ್ಕೆ ಭಯ, ಹೌದು ಭಯವೇ, ಅದಕ್ಕಿಂತ ಭಯ ಚಂದನಾ ಇಲ್ಲಿ ಬಂದು ನೋಡುವುದು, ಹೇಳಿದ್ದೆ ಅತ್ತೆ ಅಂತ ಆ ಹುಡುಗಿ ಒಂದು ಮಾತೂ ಅನ್ನುವುದಿಲ್ಲ, ಸುಮ್ಮನೆ ಅಳುತ್ತಾಳೆ. ಸೆರಗು ಸಿಕ್ಕಿಸಿ ಶಕುಂತಲಮ್ಮ ಗೋಡೆಗೆ ಕಾಲು ಕೊಟ್ಟಳು, ಉಳುಕಿಲ್ಲದ ಬಲಗಾಲು, ಕಾಲ್ಬೆರಳಿನಿಂದ ಕೆರೆದಳು, ಸರಕ್, ಒಂದು ಹಿಡಿ ಮಣ್ಣು ನೀರಿಗೆ, ಸರಕ್, ಇನ್ನೊಂದು ಹಿಡಿ, ತುಳಿದು ಗಟ್ಟಿ ಮಾಡು, ಕೆರೆ, ತುಳಿ, ಉಗುರು ಕಿತ್ತರೆ ಕೀಳಲಿ, ಸರಕ್, ಮೊರ ತುಂಬಲು ಎಷ್ಟು ಹಿಡಿ ಬೇಕು, ಸರಕ್, ಸ್ವಲ್ಪ ತಡೆ, ಕಾಲು ಸುಧಾರಿಸಿಕೊಳ್ಳಲಿ. ಕಾಲು ನಿಲ್ಲಿಸಿದಳು. ಸರಕ್. ತಲೆಯ ಮೇಲೆ ಮಣ್ಣು ಬಿತ್ತು. ನಿಲ್ಲಿಸಿದ್ದೇನಲ್ಲ, ನಾನು ನಿಲ್ಲಿಸಿದ್ದೇನಲ್ಲ — ಸರಕ್ — ಒಂದು ಮೊರದಷ್ಟು, ಮೇಲೆ, ಆಚೆ ಅಂಚಿನಲ್ಲಿ, ಬೂದು ಬೆಳಕಿಗೆ ಅಡ್ಡವಾಗಿ, ಬಿಳಿ ಉಗುರು, ಅದೇ ಬಿಳಿ ಉಗುರಿನ ಕಾಲು.